ಭೂತಾನ: ಬಾಕ್ಸಿನಲ್ಲಿ ಹಾಕಿದ್ದು ಕಡಿಮೆ, ಬಿಟ್ಟಿದ್ದು ಜಾಸ್ತಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿಗಳ ಪುಟದಲ್ಲಿ ಬರುವ ದೇಶ ಪರಿಚಯವನ್ನು ನಾನು ಬಿಡದೆ ಓದುತ್ತೇನೆ. ಈ ಸಲ ಭೂತಾನದ ಸರದಿ. ನಡುವೆ ಬಂಡೆಗೆ ಅಂಟಿಕೊಂಡಂತೆ ಕಾಣುವ ಆ ಮಠದ ಫೋಟೊ, ಪಕ್ಕದಲ್ಲಿ ಒಂದು ಬಾಕ್ಸು. ರಾಜಧಾನಿ ಥಿಂಫು, ಹಣ ನ್ಗುಲ್ಟ್ರಮ್, ವಿಸ್ತೀರ್ಣ 38,394 ಚದರ ಕಿ.ಮೀ., ಭಾಷೆ ಝೋಂಗ್ಖಾ, ಸರ್ಕಾರ ರಾಜಪ್ರಭುತ್ವ. ಕೆಳಗಿನ ನಾಲ್ಕು ಪ್ಯಾರಾದಲ್ಲಿ ಸಂತೋಷವೋ ಸಂತೋಷ. ದುಡ್ಡಿಗಿಂತ ನೆಮ್ಮದಿ ದೊಡ್ಡದು ಅಂದ ರಾಜ, ಟ್ರಾಫಿಕ್ ಸಿಗ್ನಲ್ ಇಲ್ಲದ ರಾಜಧಾನಿ, ನಗುವ ಮಕ್ಕಳು.

ಬಾಕ್ಸಿನಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿದೆ. ಆ ಒಂದರ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ತಕರಾರು ಬೇರೆ. ಭೂಗೋಳ ಒಂದು ಕಡೆ, ಇತಿಹಾಸ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ, ಒಂದಕ್ಕೊಂದು ಮುಖ ನೋಡದ ನೆಂಟರ ಹಾಗೆ ಕೂರಿಸಿಬಿಟ್ಟಿದ್ದೀರಿ. ಭೂತಾನದ ವಿಷಯದಲ್ಲಿ ಹೀಗೆ ಮಾಡಿದರೆ ಓದಿದವರಿಗೆ ಏನೂ ಉಳಿಯುವುದಿಲ್ಲ. ಅಲ್ಲಿ ಯಾರ ಮನೆತನ ರಾಜರ ಮನೆತನವಾಯಿತು, ಅಷ್ಟು ಸಣ್ಣ ದೇಶವನ್ನು ಯಾರೂ ಯಾಕೆ ನುಂಗಲಿಲ್ಲ, ಸರ್ಕಾರಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಒಂದು ಲಕ್ಷ ಜನ ಯಾಕೆ ಊರು ಬಿಟ್ಟರು, ಎಲ್ಲದರ ಬೇರು ಅಲ್ಲಿನ ನೆಲದಲ್ಲೇ ಇದೆ. ಪತ್ರ ಸ್ವಲ್ಪ ಉದ್ದ ಆಗಬಹುದು. ಕತ್ತರಿ ಹಾಕುವುದು ನಿಮಗೆ ಬಿಟ್ಟಿದ್ದು.

ಮೊದಲು ನೆಲ ನೋಡೋಣ. ವಿಸ್ತೀರ್ಣದಲ್ಲಿ ಭೂತಾನ ಕರ್ನಾಟಕದ ಐದನೇ ಒಂದು ಪಾಲು. ಪೂರ್ವ ಪಶ್ಚಿಮಕ್ಕೆ ಸುಮಾರು 300 ಕಿ.ಮೀ., ಉತ್ತರ ದಕ್ಷಿಣಕ್ಕೆ ಸುಮಾರು 170 ಕಿ.ಮೀ. ಈ 170 ಕಿ.ಮೀ. ಒಳಗೆ ನೆಲ ಎಷ್ಟು ಏರುತ್ತದೆ ಗೊತ್ತಾ? ಅಸ್ಸಾಮಿನ ಗಡಿ ಹತ್ತಿರ ಸಮುದ್ರಮಟ್ಟದಿಂದ 100 ಮೀಟರ್ ಆಸುಪಾಸಿನಲ್ಲಿ ಶುರುವಾಗಿ, ಟಿಬೆಟ್ ಕಡೆಯ ಗಂಗ್‌ಖರ್ ಪ್ಯುನ್ಸುಮ್ ಶಿಖರದಲ್ಲಿ 7,570 ಮೀಟರ್ ಮುಟ್ಟುತ್ತದೆ. ಆ ಶಿಖರವನ್ನು ಈವರೆಗೆ ಯಾರೂ ಹತ್ತಿಲ್ಲ. ಇನ್ನು ಹತ್ತುವ ಹಾಗೂ ಇಲ್ಲ. ಶಿಖರಗಳು ದೇವರ ಜಾಗ ಅಂತ ಅಲ್ಲಿನ ಜನ ನಂಬುತ್ತಾರೆ. 1994ರಲ್ಲಿ ಸರ್ಕಾರ 6,000 ಮೀಟರ್‌ಗಿಂತ ಎತ್ತರದ ಶಿಖರಗಳನ್ನು ಹತ್ತುವುದು ಬೇಡ ಅಂದಿತು, 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿ ನಿಲ್ಲಿಸಿತು. ಪಕ್ಕದ ನೇಪಾಳ ಶಿಖರ ಹತ್ತುವವರಿಂದ ಎಷ್ಟು ದುಡ್ಡು ಮಾಡುತ್ತದೆ ಅಂತ ಗೊತ್ತಿದ್ದೂ ತೆಗೆದುಕೊಂಡ ತೀರ್ಮಾನ ಇದು.

ಹೀಗೆ ಕಡಿದಾಗಿ ಇಳಿಯುವ ನೆಲವನ್ನು ನದಿಗಳು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುತ್ತವೆ. ಅಮೋಛು, ವಾಂಗ್‌ಛು, ಪುನತ್ಸಾಂಗ್‌ಛು, ಮಾಂಗ್ದೆಛು, ದ್ರಾಂಗ್ಮೆಛು. ಕೊನೆಗೆ ಎಲ್ಲವೂ ಭಾರತದ ಬಯಲಿಗೆ ಇಳಿದು ಬ್ರಹ್ಮಪುತ್ರದ ಕಡೆ ಹೋಗುತ್ತವೆ. ನದಿಗೊಂದು ಕಣಿವೆ, ಕಣಿವೆಗೊಂದು ಜನ, ಜನಕ್ಕೊಂದು ಮಾತು. ನಡುವೆ 3,000 ಮೀಟರ್ ದಾಟಿದ ಬೆಟ್ಟದ ಸಾಲುಗಳು. ಪಶ್ಚಿಮದಲ್ಲಿ ಝೋಂಗ್ಖಾ ಆಡುವವರು, ನಡುಭಾಗದಲ್ಲಿ ಬುಮ್‌ತಾಂಗ್ ಕಡೆ ಬೇರೆ ಮಾತು, ಪೂರ್ವದಲ್ಲಿ ತ್ಶಂಗ್ಲಾ ಆಡುವ ಶರ್ಛೋಪರು, ದಕ್ಷಿಣದ ತಪ್ಪಲಿನಲ್ಲಿ ನೇಪಾಳಿ ಆಡುವವರು. ಅಂಥ ಸಣ್ಣ ದೇಶದಲ್ಲಿ ಹತ್ತೊಂಬತ್ತರಷ್ಟು ಭಾಷೆಗಳಿವೆ. ನೀವು ಬಾಕ್ಸಿನಲ್ಲಿ ‘ಭಾಷೆ: ಝೋಂಗ್ಖಾ’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಅದು ರಾಷ್ಟ್ರಭಾಷೆ ಹೌದು, ಆದರೆ ಪೂರ್ವದ ಹಳ್ಳಿಯ ಮನೆಯೊಳಗಿನ ಭಾಷೆ ಅಲ್ಲ. ಶಾಲೆಯಲ್ಲಿ ಪಾಠ ನಡೆಯುವುದು ಬಹುಪಾಲು ಇಂಗ್ಲಿಷಿನಲ್ಲಿ.

ಕಣಿವೆಯಿಂದ ಕಣಿವೆಗೆ ಹೋಗುವುದೇ ಕಷ್ಟ ಅಂದಮೇಲೆ ಇಡೀ ದೇಶವನ್ನು ಒಬ್ಬನೇ ಆಳುವುದು ಹೇಗೆ? ಇಲ್ಲಿಂದ ಇತಿಹಾಸ ಶುರು.

1616ರಲ್ಲಿ ಟಿಬೆಟ್‌ನಿಂದ ನ್ಗವಾಂಗ್ ನಮ್‌ಗ್ಯಾಲ್ ಎಂಬ ಲಾಮಾ ತಪ್ಪಿಸಿಕೊಂಡು ಬಂದ. ಅಲ್ಲಿ ಅವನ ಮಠದ ಪಟ್ಟದ ಬಗ್ಗೆ ಜಗಳ ಎದ್ದಿತ್ತು. ಇಲ್ಲಿ ಬಂದು ಬೌದ್ಧರ ದ್ರುಕ್ಪಾ ಪಂಥದ ಹೆಸರಿನಲ್ಲಿ ಪಶ್ಚಿಮದ ಕಣಿವೆಗಳನ್ನು ಒಂದುಗೂಡಿಸಿದ. ಜನ ಅವನನ್ನು ಝಬ್‌ದ್ರುಂಗ್ ಅಂತ ಕರೆದರು. ಅವನ ಉಪಾಯ ಸರಳ. ಕಣಿವೆ ಕಾಯುವ ಜಾಗದಲ್ಲಿ ಒಂದೊಂದು ಝೋಂಗ್ ಕಟ್ಟು. ಝೋಂಗ್ ಅಂದರೆ ಕೋಟೆ, ಕಚೇರಿ, ಮಠ, ಉಗ್ರಾಣ ಎಲ್ಲ ಒಂದರಲ್ಲೇ. ಸಿಮ್ತೋಖಾ 1629ರಲ್ಲಿ ಕಟ್ಟಿದ್ದು, ಆಮೇಲೆ ಎರಡು ನದಿ ಕೂಡುವ ಜಾಗದಲ್ಲಿ ಪುನಾಖಾ. ಟಿಬೆಟ್‌ನ ಸೈನ್ಯ ಮತ್ತೆ ಮತ್ತೆ ದಂಡೆತ್ತಿ ಬಂದರೂ ಇವನ್ನು ಮುರಿಯಲು ಆಗಲಿಲ್ಲ. ಈಗಲೂ ಅಲ್ಲಿನ ಜಿಲ್ಲಾಡಳಿತ ಬಹುತೇಕ ಕಡೆ ಝೋಂಗ್ ಒಳಗೇ ನಡೆಯುತ್ತದೆ, ಅಂಗಳದ ಒಂದು ಪಕ್ಕ ಭಿಕ್ಷುಗಳು, ಇನ್ನೊಂದು ಪಕ್ಕ ಗುಮಾಸ್ತರು.

ಝಬ್‌ದ್ರುಂಗ್ ಅಧಿಕಾರವನ್ನು ಎರಡು ಪಾಲು ಮಾಡಿದ. ಧರ್ಮಕ್ಕೆ ಜೆ ಖೆನ್ಪೊ, ಆಡಳಿತಕ್ಕೆ ದೇಸಿ. 1651ರಲ್ಲಿ ಅವನು ಪುನಾಖಾ ಝೋಂಗ್‌ನಲ್ಲಿ ತೀರಿಕೊಂಡ. ಆದರೆ ಸುದ್ದಿ ಹೊರಗೆ ಬಿಡಲಿಲ್ಲ. ಗುರುಗಳು ಧ್ಯಾನಕ್ಕೆ ಕೂತಿದ್ದಾರೆ, ಯಾರನ್ನೂ ನೋಡುವುದಿಲ್ಲ ಅಂತ ಹೇಳುತ್ತಾ ಹೆಚ್ಚು ಕಡಿಮೆ ಅರ್ಧ ಶತಮಾನ ತಳ್ಳಿದರು! ಅವರ ಹೆಸರಿನಲ್ಲೇ ಆದೇಶ ಹೊರಡುತ್ತಿತ್ತಂತೆ. ನಗು ಬರುತ್ತದೆ ನಿಜ. ಆದರೆ ಸುಮ್ನೆ ಯೋಚಿಸಿ ನೋಡಿ, ಆಗ ತಾನೇ ಒಂದಾಗಿದ್ದ ಕಣಿವೆಗಳು ಗುರು ಹೋದರು ಅಂತ ಗೊತ್ತಾಗಿದ್ದರೆ ಮರುದಿನವೇ ಬೇರೆಯಾಗುತ್ತಿದ್ದವು. ಗುಟ್ಟು ಹೊರಬಿದ್ದ ಮೇಲೆ ಆಗಿದ್ದೂ ಅದೇ. ದೇಸಿಗಳ ಕೈ ಸೋತಿತು, ಕಣಿವೆಗಳನ್ನು ನೋಡಿಕೊಳ್ಳಬೇಕಾಗಿದ್ದ ಪೆನ್ಲೋಪರು ತಾವೇ ಪಾಳೇಗಾರರಾದರು. ಪಾರೋದ ಪೆನ್ಲೋಪ್ ಒಂದು ಕಡೆ, ತ್ರೊಂಗ್ಸಾದ ಪೆನ್ಲೋಪ್ ಇನ್ನೊಂದು ಕಡೆ. ಕೊಲೆ, ಸುಲಿಗೆ, ಪಿತೂರಿ. ಶಾಂತಿಯ ನಾಡು ಅಂತ ನಾವು ಕರೆಯುವ ಈ ನೆಲದ ಎರಡು ಶತಮಾನಗಳ ಕತೆ ಹೀಗಿದೆ.

ಇವರಲ್ಲಿ ಗೆದ್ದಿದ್ದು ತ್ರೊಂಗ್ಸಾದವರು. ಯಾಕೆ ಅಂತ ಕೇಳಿದರೆ ಉತ್ತರ ಮತ್ತೆ ನೆಲದಲ್ಲೇ ಸಿಗುತ್ತದೆ. ತ್ರೊಂಗ್ಸಾ ದೇಶದ ಸರಿ ನಡುವೆ ಇದೆ. ಆಳವಾದ ಕಣಿವೆಯ ಅಂಚಿನಲ್ಲಿ ಉದ್ದಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಝೋಂಗ್. ಹಳೇ ಕಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ದಾರಿ ಆ ಝೋಂಗ್‌ನ ಅಂಗಳದ ಒಳಗಿಂದಲೇ ಹಾದು ಹೋಗುತ್ತಿತ್ತು. ಒಂದು ಬಾಗಿಲಿನಿಂದ ಒಳಗೆ, ಇನ್ನೊಂದು ಬಾಗಿಲಿನಿಂದ ಹೊರಗೆ. ಉಪ್ಪು ಹೊತ್ತವನೂ, ಕಂದಾಯ ತಂದವನೂ, ಯುದ್ಧಕ್ಕೆ ಹೊರಟವನೂ ಅಲ್ಲೇ ಹಾಯಬೇಕು. ಪೆನ್ಲೋಪ್ ಬಾಗಿಲು ಹಾಕಿಸಿದರೆ ದೇಶ ಎರಡು ಹೋಳು. ಈ ಕೀಲಿ ಕೈಯಲ್ಲಿದ್ದವನಿಗೆ ಇಡೀ ದೇಶ ಹಿಡಿಯುವುದು ಉಳಿದವರಿಗಿಂತ ಸುಲಭ, ಅಲ್ವಾ? ತ್ರೊಂಗ್ಸಾದ ಪೆನ್ಲೋಪ್ ಜಿಗ್ಮೆ ನಮ್‌ಗ್ಯಾಲ್, ಆಮೇಲೆ ಅವನ ಮಗ ಉಗ್ಯೆನ್ ವಾಂಗ್ಚುಕ್ ಒಬ್ಬೊಬ್ಬರನ್ನೇ ಬಗ್ಗಿಸುತ್ತಾ ಹೋದರು. ಇವತ್ತಿಗೂ ಪಟ್ಟಕ್ಕೆ ಬರುವ ಯುವರಾಜ ಮೊದಲು ತ್ರೊಂಗ್ಸಾ ಪೆನ್ಲೋಪ್ ಆಗಬೇಕು ಅನ್ನುವ ಸಂಪ್ರದಾಯ ಇದೆ.

ಇಷ್ಟರಲ್ಲಿ ದಕ್ಷಿಣದಿಂದ ಬ್ರಿಟಿಷರು ಬಂದಿದ್ದರು. ಬೆಟ್ಟದ ಬುಡದಲ್ಲಿ ಬಯಲಿಗೆ ತೆರೆದುಕೊಳ್ಳುವ 18 ದಾರಿಗಳಿವೆ, ಅವನ್ನು ದುವಾರ್ ಅನ್ನುತ್ತಾರೆ, ನಮ್ಮ ದ್ವಾರವೇ. ಅದರ ಸುತ್ತಲಿನ ಫಲವತ್ತಾದ ನೆಲ ಭೂತಾನದ ಕೈಯಲ್ಲಿತ್ತು. ಬ್ರಿಟಿಷರು ಮೊದಲು ಅಸ್ಸಾಮಿನ ಕಡೆಯವನ್ನು ತೆಗೆದುಕೊಂಡರು. 1864-65ರ ಯುದ್ಧದ ಕೊನೆಗೆ ಸಿಂಚುಲಾ ಒಪ್ಪಂದದಲ್ಲಿ ಬಂಗಾಳದ ಕಡೆಯವೂ ಹೋದವು. ಬದಲಿಗೆ ವರ್ಷಕ್ಕೆ ಇಷ್ಟು ಅಂತ ರೂಪಾಯಿ ಕೊಟ್ಟರು, ಅದು ಏರುತ್ತಾ 50,000 ಆಯಿತು. ಆ ದುವಾರ್‌ಗಳ ಮೇಲೆ ಈಗ ಚಹಾ ತೋಟಗಳಿವೆ. ನಾವು ಕುಡಿಯುವ ಚಹಾದಲ್ಲಿ ಒಂದು ಪಾಲು ಒಂದು ಕಾಲದ ಭೂತಾನದ ನೆಲದಿಂದ ಬರುತ್ತದೆ ಅನ್ನಬಹುದು.

ಆದರೆ ಬೆಟ್ಟದ ಮೇಲಕ್ಕೆ ಹೋಗಿ ಆಳುವ ಆಸೆ ಬ್ರಿಟಿಷರಿಗೆ ಇರಲಿಲ್ಲ. ಹೋದರೆ ಖರ್ಚು ಜಾಸ್ತಿ, ಸಿಗುವುದು ಕಡಿಮೆ. ಬಯಲು ಸಿಕ್ಕಿತು, ಸಾಕು. ಉಗ್ಯೆನ್ ವಾಂಗ್ಚುಕ್ ಕೂಡ ಲೆಕ್ಕ ಬಲ್ಲವನು. 1904ರಲ್ಲಿ ಬ್ರಿಟಿಷ್ ದಂಡು ಲ್ಹಾಸಾಕ್ಕೆ ನುಗ್ಗಿದಾಗ ನಡುವೆ ನಿಂತು ಸಂಧಾನ ಮಾಡಿಸಿದ. ಅವರ ವಿಶ್ವಾಸ ಗಳಿಸಿದ, ಸರ್ ಪದವಿಯೂ ಬಂತು. 1907ರ ಡಿಸೆಂಬರ್ 17ರಂದು ಪುನಾಖಾದಲ್ಲಿ ಮಠದವರು, ಅಧಿಕಾರಿಗಳು, ಮುಖಂಡರು ಎಲ್ಲ ಸೇರಿ ಅವನನ್ನು ವಂಶಪಾರಂಪರ್ಯ ರಾಜ ಅಂತ ಒಪ್ಪಿದರು. ಅಂದರೆ ಭೂತಾನದ ರಾಜಮನೆತನಕ್ಕೆ ಇನ್ನೂ 120 ವರ್ಷ ತುಂಬಿಲ್ಲ. ಅನಾದಿ ಕಾಲದಿಂದ ಬಂದ ರಾಜರು ಅನ್ನುವ ಹಾಗೆ ನಿಮ್ಮ ಲೇಖನ ಬರೆದಿತ್ತು.

1910ರ ಪುನಾಖಾ ಒಪ್ಪಂದದಲ್ಲಿ ಒಳಗಿನ ವಿಷಯಕ್ಕೆ ಬ್ರಿಟಿಷರು ಕೈ ಹಾಕುವುದಿಲ್ಲ, ಹೊರಗಿನ ವಿಷಯದಲ್ಲಿ ಭೂತಾನ ಅವರ ಸಲಹೆ ಕೇಳಬೇಕು ಅಂತ ಆಯಿತು. 1949ರಲ್ಲಿ ಸ್ವತಂತ್ರ ಭಾರತ ಹೆಚ್ಚು ಕಡಿಮೆ ಅದೇ ಮಾತನ್ನು ತನ್ನ ಹೆಸರಿಗೆ ಬರೆದುಕೊಂಡಿತು. ಆ ಸಲಹೆಯ ಷರತ್ತು ಹೋಗಿದ್ದು 2007ರಲ್ಲಿ. ಈ ಮೂರು ಇಸವಿ ನೆನಪಿಟ್ಟುಕೊಂಡರೆ ಭಾರತ ಭೂತಾನ ಸಂಬಂಧ ಅರ್ಧ ಅರ್ಥವಾಗುತ್ತದೆ. ಉಳಿದ ಅರ್ಧಕ್ಕೆ ರಸ್ತೆ ಮತ್ತು ಕರೆಂಟು.

ರಸ್ತೆಯ ಕತೆ ಹೇಳಲೇಬೇಕು. 1958ರಲ್ಲಿ ನೆಹರೂ ಭೂತಾನಕ್ಕೆ ಹೋದರು, ಜೊತೆಗೆ ಇಂದಿರಾ. ಆಗ ಭಾರತದಿಂದ ಒಳಗೆ ಹೋಗಲು ಮೋಟಾರು ರಸ್ತೆಯೇ ಇಲ್ಲ. ಸಿಕ್ಕಿಂ ಹತ್ತಿ, ನಾಥೂಲಾ ದಾಟಿ, ಟಿಬೆಟ್‌ನ ಚುಂಬಿ ಕಣಿವೆಗೆ ಇಳಿದು, ಅಲ್ಲಿಂದ ಕುದುರೆ, ಯಾಕ್ ಮೇಲೆ ಪಾರೋ ಸೇರಿದರು. ಭಾರತದ ಪ್ರಧಾನಿ ಪಕ್ಕದ ದೇಶಕ್ಕೆ ಹೋಗಲು ಚೀನಾ ಹಿಡಿತದಲ್ಲಿದ್ದ ನೆಲ ತುಳಿಯಬೇಕಾಯಿತು! ಮರುವರ್ಷ ದಲೈ ಲಾಮಾ ಲ್ಹಾಸಾ ಬಿಟ್ಟರು, ಟಿಬೆಟ್ ಗಡಿಯನ್ನು ಭೂತಾನ ಮುಚ್ಚಿತು. ಶತಮಾನಗಳಿಂದ ಉತ್ತರಕ್ಕೆ ಮುಖ ಮಾಡಿ ವ್ಯಾಪಾರ ಮಾಡುತ್ತಿದ್ದ ದೇಶ ಒಮ್ಮೆಲೇ ದಕ್ಷಿಣಕ್ಕೆ ತಿರುಗಿತು. 1961ರಲ್ಲಿ ಭಾರತದ ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ ಕೆಲಸ ಶುರು ಮಾಡಿತು, 1962ಕ್ಕೆ ಗಡಿಯ ಫುಂಟ್ಶೋಲಿಂಗ್‌ನಿಂದ ಥಿಂಫುವಿಗೆ ಜೀಪು ಹೋಗುವಂತಾಯಿತು. ಸುಮಾರು 300 ಮೀಟರ್ ಎತ್ತರದ ಊರಿನಿಂದ 2,300 ಮೀಟರ್ ಎತ್ತರದ ಊರಿಗೆ. ಅಲ್ಲಿಯವರೆಗೆ ಅದು ಹೇಸರಗತ್ತೆಯ ಮೇಲೆ ದಿನಗಟ್ಟಲೆ ಹಿಡಿಯುವ ದಾರಿ. ಮೊದಲ ಪಂಚವಾರ್ಷಿಕ ಯೋಜನೆಯೂ 1961ರಲ್ಲೇ ಶುರು, ದುಡ್ಡು ಪೂರ್ತಿ ಭಾರತದ್ದು.

ಈ ಬದಲಾವಣೆ ಮಾಡಿಸಿದ್ದು ಮೂರನೇ ರಾಜ ಜಿಗ್ಮೆ ದೋರ್ಜಿ ವಾಂಗ್ಚುಕ್. 1953ರಲ್ಲಿ ರಾಷ್ಟ್ರೀಯ ಸಭೆ ಕರೆದ, ಜೀತ ಬಿಡಿಸಿದ, ಜೀತದಾಳುಗಳಿಗೆ ಭೂಮಿ ಕೊಡಿಸಿದ, 1971ರಲ್ಲಿ ವಿಶ್ವಸಂಸ್ಥೆಗೆ ದೇಶವನ್ನು ಸೇರಿಸಿದ. ಸಂತೋಷದ ಸೂಚ್ಯಂಕದಿಂದ ಹೆಸರಾದ ಮಗನ ಫೋಟೊ ಎಲ್ಲ ಕಡೆ ಬರುತ್ತದೆ, ಅಪ್ಪನ ಹೆಸರನ್ನು ಯಾರೂ ಎತ್ತುವುದಿಲ್ಲ. ನನ್ನ ಲೆಕ್ಕದಲ್ಲಿ ಇವತ್ತಿನ ಭೂತಾನ ಕಟ್ಟಿದ್ದು ಅಪ್ಪನೇ.

ಇನ್ನು ಕರೆಂಟು. ಕಡಿದಾದ ಇಳಿಜಾರು, ಹಿಮದ ನೀರು, ಮಳೆಗಾಲದ ನೀರು, ಬುಡದಲ್ಲಿ ಕರೆಂಟಿಗೆ ಕಾಯುತ್ತಿರುವ ದೊಡ್ಡ ಗಿರಾಕಿ. ಇದಕ್ಕಿಂತ ಒಳ್ಳೆ ಜೋಡಿ ಸಿಗುವುದು ಕಷ್ಟ. 1980ರ ದಶಕದಲ್ಲಿ ಚುಖಾದಲ್ಲಿ 336 ಮೆಗಾವಾಟ್, ಆಮೇಲೆ ತಾಲಾದಲ್ಲಿ 1,020, 2019ರಲ್ಲಿ ಮಾಂಗ್ದೆಛುವಿನಲ್ಲಿ 720. ಭಾರತ ಸಾಲ ಮತ್ತು ಅನುದಾನ ಕೊಟ್ಟು ಕಟ್ಟಿಸುತ್ತದೆ, ಕರೆಂಟನ್ನೂ ಭಾರತವೇ ಕೊಳ್ಳುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಚುಖಾದಲ್ಲಿ ನೂರಕ್ಕೆ 60 ಅನುದಾನ, 40 ಸಾಲ ಇದ್ದದ್ದು ಆಮೇಲಿನ ಯೋಜನೆಗಳಲ್ಲಿ 30 ಅನುದಾನ, 70 ಸಾಲ ಆಗಿಹೋಯಿತು. ಪುನತ್ಸಾಂಗ್‌ಛು ಒಂದನೇ ಯೋಜನೆಯಲ್ಲಿ ಅಣೆಕಟ್ಟೆಯ ಪಕ್ಕದ ಗುಡ್ಡವೇ ಜಾರಿ ಕೆಲಸ ವರ್ಷಾನುಗಟ್ಟಲೆ ನಿಂತಿತು. ಚಳಿಗಾಲದಲ್ಲಿ ನದಿ ಸೊರಗುತ್ತದೆ, ಆಗ ಭೂತಾನವೇ ಭಾರತದಿಂದ ಕರೆಂಟು ಕೊಳ್ಳಬೇಕು. ಮೇಲೆ ಹಿಮನದಿಯ ಕೆರೆಗಳು ಬೇರೆ. 1994ರ ಅಕ್ಟೋಬರ್‌ನಲ್ಲಿ ಲುಗ್ಗೆ ಕೆರೆ ಒಡೆದು ಬಂದ ನೀರು ಪುನಾಖಾದವರೆಗೂ ನುಗ್ಗಿ 20ಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು, ಝೋಂಗ್‌ಗೂ ಹಾನಿಯಾಯಿತು. ಅನ್ನ ಕೊಡುವ ಇಳಿಜಾರೇ ಆಗಾಗ ಹೀಗೆ ಹೊಡೆಯುತ್ತದೆ.

ಈಗ ಬಾಕ್ಸಿನ ಆ ಒಂದು ತಪ್ಪಿಗೆ ಬರುತ್ತೇನೆ. ‘ಸರ್ಕಾರ: ರಾಜಪ್ರಭುತ್ವ.’ 2008ಕ್ಕೆ ಮೊದಲು ಬರೆದಿದ್ದರೆ ಸರಿ ಇತ್ತು. ಈಗ ಅದು ಸಂವಿಧಾನಕ್ಕೆ ಒಳಪಟ್ಟ ರಾಜ ಇರುವ ಪ್ರಜಾಪ್ರಭುತ್ವ. ಪರೀಕ್ಷೆಗೆ ಓದುವ ಹುಡುಗರು ನಿಮ್ಮ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಹಾಗಾಗಿ ಒಂದು ತಿದ್ದುಪಡಿ ಹಾಕಿಬಿಡಿ.

ಬದಲಾವಣೆ ಬಂದ ರೀತಿ ಮಾತ್ರ ವಿಚಿತ್ರ. ಬೇರೆ ಕಡೆ ಜನ ಬೀದಿಗೆ ಇಳಿದು ರಾಜನ ಕೈಯಿಂದ ಅಧಿಕಾರ ಕಿತ್ತುಕೊಳ್ಳುತ್ತಾರೆ. ಇಲ್ಲಿ ರಾಜ ಬೇಡ ಬೇಡ ಅನ್ನುವ ಜನಕ್ಕೆ ಅಧಿಕಾರ ಹೊರಿಸಿದ. ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ 1998ರಲ್ಲಿ ದಿನದ ಆಡಳಿತವನ್ನು ಮಂತ್ರಿಮಂಡಲಕ್ಕೆ ಬಿಟ್ಟ, 2001ರಲ್ಲಿ ಸಂವಿಧಾನ ಬರೆಯಿರಿ ಅಂದ. ಕರಡನ್ನು 20 ಜಿಲ್ಲೆಗಳಿಗೂ ಒಯ್ದು ಜನರ ಮುಂದೆ ಓದಿಸಿ ಚರ್ಚೆ ಮಾಡಿಸಿದರು. ನಮಗೆ ನೀವೇ ಇರಿ, ಪಕ್ಷಗಳು ಬಂದರೆ ಜಗಳ ಬರುತ್ತದೆ ಅಂತ ಎಷ್ಟೋ ಜನ ಕೇಳಿಕೊಂಡರು. ರಾಜ ಒಪ್ಪಲಿಲ್ಲ. 2006ರಲ್ಲಿ, ಇನ್ನೂ 51ರ ವಯಸ್ಸಿನಲ್ಲಿ, ಮಗ ಜಿಗ್ಮೆ ಖೇಸರ್‌ಗೆ ಪಟ್ಟ ಬಿಟ್ಟುಕೊಟ್ಟ.

ಜನಕ್ಕೆ ವೋಟು ಹಾಕಿ ಅಭ್ಯಾಸ ಇರಲಿಲ್ಲ. ಹಾಗಾಗಿ 2007ರಲ್ಲಿ ಅಣಕು ಚುನಾವಣೆ ನಡೆಸಿದರು. ನಿಜವಾದ ಪಕ್ಷಗಳಿಲ್ಲ, ಬಣ್ಣದ ಹೆಸರಿನ ನಾಲ್ಕು ಪಕ್ಷ, ನೀಲಿ, ಹಸಿರು, ಕೆಂಪು, ಹಳದಿ. ಒಂದೊಂದಕ್ಕೂ ಒಂದೊಂದು ಪ್ರಣಾಳಿಕೆ. ಹಳದಿಯದ್ದು ಸಂಪ್ರದಾಯ ಕಾಪಾಡುವ ಪಕ್ಷ. ಹಳದಿ ರಾಜನ ಬಣ್ಣ ಕೂಡ. ಫಲಿತಾಂಶ ಬಂದಾಗ 47ರಲ್ಲಿ 46 ಕ್ಷೇತ್ರ ಹಳದಿಗೆ! ಜನ ಪ್ರಜಾಪ್ರಭುತ್ವದ ತಾಲೀಮಿನಲ್ಲೂ ರಾಜನಿಗೇ ವೋಟು ಹಾಕಿದ್ದರು. ಮರುವರ್ಷ ಮಾರ್ಚ್ 24ರಂದು ನಿಜವಾದ ಚುನಾವಣೆ ನಡೆದಾಗ 47ರಲ್ಲಿ 45 ಸೀಟು ಡಿಪಿಟಿ (ದ್ರುಕ್ ಫುಯೆನ್ಸುಮ್ ತ್ಶೋಗ್ಪಾ) ಪಕ್ಷಕ್ಕೆ ಹೋಯಿತು. ಸೋತ ಪಿಡಿಪಿಯ (ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ) ನಾಯಕ ರಾಜನ ಸೋದರಮಾವ, ಅವರು ತಮ್ಮ ಕ್ಷೇತ್ರದಲ್ಲೇ ಸೋತರು. ರಾಜನ ನೆಂಟ ಅಂತ ವೋಟು ಬೀಳಲಿಲ್ಲ ನೋಡಿ.

ಈ ಚುನಾವಣೆಯ ವ್ಯವಸ್ಥೆ ನೋಡುವಂಥದ್ದು. ಎರಡು ಸುತ್ತು. ಮೊದಲ ಸುತ್ತಿನಲ್ಲಿ ವೋಟು ಪಕ್ಷಕ್ಕೆ, ಎಷ್ಟು ಪಕ್ಷವಾದರೂ ನಿಲ್ಲಬಹುದು. ಹೆಚ್ಚು ವೋಟು ಪಡೆದ ಎರಡು ಪಕ್ಷ ಮಾತ್ರ ಎರಡನೇ ಸುತ್ತಿಗೆ. ಆಗ 47 ಕ್ಷೇತ್ರದಲ್ಲೂ ನೇರ ಹಣಾಹಣಿ. ಹಾಗಾಗಿ ಸಂಸತ್ತಿನಲ್ಲಿ ಯಾವಾಗಲೂ ಎರಡೇ ಪಕ್ಷ, ಒಂದು ಆಳುವುದು, ಇನ್ನೊಂದು ವಿರೋಧ ಪಕ್ಷ. ಸಮ್ಮಿಶ್ರ ಸರ್ಕಾರದ ಗೊಡವೆಯೇ ಇಲ್ಲ. ಮೇಲ್ಮನೆಯ ಹೆಸರು ರಾಷ್ಟ್ರೀಯ ಪರಿಷತ್ತು, 25 ಜನ. ಜಿಲ್ಲೆಗೊಬ್ಬರಂತೆ 20 ಮಂದಿಯನ್ನು ಜನ ಆರಿಸುತ್ತಾರೆ, ಐವರನ್ನು ರಾಜ ನೇಮಿಸುತ್ತಾನೆ, ಯಾರೂ ಯಾವ ಪಕ್ಷಕ್ಕೂ ಸೇರಿರಬಾರದು. ಜಿಲ್ಲೆಯ ಕೆಳಗೆ 205 ಗೆವೋಗ್‌ಗಳು, ನಮ್ಮ ಪಂಚಾಯಿತಿ ಇದ್ದ ಹಾಗೆ, ಅದರ ಮುಖ್ಯಸ್ಥ ಗುಪ್. ಅಲ್ಲೂ ಪಕ್ಷ ಇಲ್ಲ. ಸಂಸತ್ತಿಗೆ ನಿಲ್ಲಬೇಕಾದರೆ ಪದವಿ ಆಗಿರಬೇಕು. ಧರ್ಮಗುರುಗಳು ರಾಜಕೀಯಕ್ಕಿಂತ ಮೇಲೆ ಇರಬೇಕು ಅನ್ನುವ ಕಾರಣಕ್ಕೆ ಭಿಕ್ಷುಗಳಿಗೆ ವೋಟಿಲ್ಲ. ಯಾರೂ ಎರಡು ಅವಧಿಗಿಂತ ಹೆಚ್ಚು ಪ್ರಧಾನಿ ಆಗುವಂತಿಲ್ಲ.

ಪದವಿಯ ಷರತ್ತು ನನಗೆ ಒಪ್ಪಿಗೆಯಿಲ್ಲ. ಊರಿನ ಕಷ್ಟ ಬಲ್ಲ ರೈತನಿಗೆ ಸಂಸತ್ತಿನ ಬಾಗಿಲು ಮುಚ್ಚಿದ ಹಾಗೆ ಆಯಿತು, ಅದೂ ಶಾಲೆಗಳು ಎಲ್ಲ ಕಡೆ ಬಂದು ಹೆಚ್ಚು ಕಾಲವಾಗದ ದೇಶದಲ್ಲಿ. ಆದರೆ ರಾಜನ ಬಗ್ಗೆ ಬರೆದಿರುವುದು ಮೆಚ್ಚುವಂಥದ್ದು. 65 ವರ್ಷಕ್ಕೆ ರಾಜ ನಿವೃತ್ತಿ ಆಗಲೇಬೇಕು. ಸಂವಿಧಾನ ಮೀರಿದರೆ ಸಂಸತ್ತಿನ ಮುಕ್ಕಾಲು ಪಾಲು ವೋಟು, ಆಮೇಲೆ ಜನಮತಗಣನೆ ಮಾಡಿ ಇಳಿಸಬಹುದು. ದೇಶದ ನೂರಕ್ಕೆ 60 ಪಾಲು ನೆಲ ಎಂದೆಂದಿಗೂ ಕಾಡಾಗಿಯೇ ಇರಬೇಕು ಅಂತಲೂ ಸಂವಿಧಾನದಲ್ಲೇ ಇದೆ. ಕಾಡು ಕಡಿದರೆ ಗುಡ್ಡ ಜಾರುತ್ತದೆ, ನದಿ ಕೆಸರಾಗುತ್ತದೆ, ಟರ್ಬೈನು ಸವೆಯುತ್ತದೆ. ಅದು ಬರೀ ಭಕ್ತಿಯಲ್ಲ, ಬದುಕಿನ ಲೆಕ್ಕವೂ ಹೌದು.

ರಾಜನಿಗೆ ಅಷ್ಟೊಂದು ನಿಷ್ಠೆ ಇರುವ ಜನ ಪಕ್ಷಗಳನ್ನು ಮಾತ್ರ ಸುಲಭಕ್ಕೆ ಬಿಡುವುದಿಲ್ಲ. 2008ರಲ್ಲಿ ಡಿಪಿಟಿ, 2013ರಲ್ಲಿ ತ್ಶೆರಿಂಗ್ ತೋಬ್ಗೆ ಅವರ ಪಿಡಿಪಿ, 2018ರಲ್ಲಿ ಲೋತೆ ತ್ಶೆರಿಂಗ್ ಅವರ ಡಿಎನ್‌ಟಿ (ದ್ರುಕ್ ನ್ಯಾಮ್ರುಪ್ ತ್ಶೋಗ್ಪಾ), 2024ರ ಜನವರಿಯಲ್ಲಿ ಮತ್ತೆ ಪಿಡಿಪಿ. ಆಳುತ್ತಿದ್ದ ಪಕ್ಷ ಒಂದು ಸಲವೂ ಮರಳಿ ಗೆದ್ದಿಲ್ಲ. 2018ರಲ್ಲೂ ಮುಂದಿನ ಚುನಾವಣೆಯಲ್ಲೂ ಅಧಿಕಾರದಲ್ಲಿದ್ದ ಪಕ್ಷ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಲೋತೆ ತ್ಶೆರಿಂಗ್ ಅವರು ಡಾಕ್ಟರು, ಪ್ರಧಾನಿ ಆಗಿದ್ದಾಗಲೂ ಶನಿವಾರ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡುತ್ತಿದ್ದರು. ಅದೂ ಅವರನ್ನು ಉಳಿಸಲಿಲ್ಲ.

ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲದ ವಿಷಯ ಇನ್ನೊಂದಿದೆ. ಅದನ್ನು ಬಿಟ್ಟು ಭೂತಾನದ ಪರಿಚಯ ಮಾಡಿದರೆ ಅರ್ಧ ಸುಳ್ಳು ಹೇಳಿದ ಹಾಗೆ. ದಕ್ಷಿಣದ ತಪ್ಪಲಿನಲ್ಲಿ ಮಲೇರಿಯಾ ಇದ್ದ ಕಾಡು, ಮೇಲಿನ ಕಣಿವೆಯವರು ಅಲ್ಲಿಗೆ ಇಳಿಯುತ್ತಿರಲಿಲ್ಲ. ಆ ನೆಲ ಕಡಿದು ಗದ್ದೆ ಮಾಡಿದವರು ನೇಪಾಳಿ ಮಾತಾಡುವ ಜನ, ಲ್ಹೋತ್ಸಾಂಪರು. 1958ರಲ್ಲಿ ಅವರಿಗೆ ಪೌರತ್ವ ಸಿಕ್ಕಿತು. 1975ರಲ್ಲಿ ಪಕ್ಕದ ಸಿಕ್ಕಿಂ ಭಾರತಕ್ಕೆ ಸೇರಿತು, ಅಲ್ಲಿ ನೇಪಾಳಿಗಳೇ ಬಹುಸಂಖ್ಯಾತರು. ಥಿಂಫುವಿಗೆ ಭಯ ಹತ್ತಿತು. 1985ರಲ್ಲಿ ಪೌರತ್ವ ಕಾಯ್ದೆ ಬಿಗಿಯಾಯಿತು, 1988ರ ಗಣತಿಯಲ್ಲಿ 1958ರ ಕಾಗದ ತೋರಿಸಿ ಅಂದರು. 30 ವರ್ಷ ಹಿಂದಿನ ಕಂದಾಯದ ರಸೀದಿ ಯಾರ ಮನೆಯಲ್ಲಿ ಇರುತ್ತದೆ ಹೇಳಿ? 1957ರದ್ದು ಇದ್ದರೂ, 1959ರದ್ದು ಇದ್ದರೂ ಅನುಮಾನವೇ. ಗಂಡಸರು ಘೋ, ಹೆಂಗಸರು ಕಿರಾ ಅನ್ನುವ ಉತ್ತರದವರ ಉಡುಪನ್ನೇ ಉಡಬೇಕು ಅಂತ ಆಯಿತು, ಶಾಲೆಯಲ್ಲಿ ನೇಪಾಳಿ ಪಾಠ ನಿಂತಿತು. 1990ರಲ್ಲಿ ಪ್ರತಿಭಟನೆ, ಅದರ ಬೆನ್ನಿಗೆ ಬಂಧನ, ಹೊಡೆತ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಜನ ಹೊರಬಿದ್ದು ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಶಿಬಿರ ಸೇರಿದರು. ಆಗ ಆರು ಲಕ್ಷದ ಆಸುಪಾಸು ಜನ ಇದ್ದ ದೇಶದಲ್ಲಿ ಇದು ಎಷ್ಟು ದೊಡ್ಡ ಪಾಲು ಅಂತ ನೀವೇ ಲೆಕ್ಕ ಹಾಕಿ. ಬಿದಿರಿನ ಗುಡಿಸಲಲ್ಲಿ ಹದಿನೈದು ವರ್ಷಕ್ಕಿಂತ ಜಾಸ್ತಿ ಕಳೆದ ಮೇಲೆ, 2007ರ ನಂತರ ಅವರಲ್ಲಿ ಬಹುಪಾಲು ಜನರಿಗೆ ಅಮೆರಿಕ ಮತ್ತೆ ಕೆಲವು ದೇಶಗಳು ಜಾಗ ಕೊಟ್ಟವು. ಇದೆಲ್ಲ ನಡೆದಿದ್ದು ಸಂತೋಷದ ಮಾತಾಡಿದ ಅದೇ ನಾಲ್ಕನೇ ರಾಜನ ಕಾಲದಲ್ಲಿ. ಅಧಿಕಾರ ಬಿಟ್ಟುಕೊಟ್ಟ ದೊಡ್ಡತನ ಅವನದ್ದೇ, ಇದೂ ಅವನ ಲೆಕ್ಕಕ್ಕೇ ಬರಬೇಕು.

ಸಂತೋಷದ ಬಗ್ಗೆ ಎರಡೇ ಮಾತು. ಒಟ್ಟು ರಾಷ್ಟ್ರೀಯ ಸಂತೋಷ ಅನ್ನುವುದು ಸರ್ಕಾರದ ನೀತಿಗಳನ್ನು ತೂಗಿ ನೋಡುವ ಒಂದು ಅಳತೆ, ಜನ ಸದಾ ನಗುತ್ತಿರುತ್ತಾರೆ ಅನ್ನುವ ಸರ್ಟಿಫಿಕೇಟ್ ಅಲ್ಲ. 2019ರ ವಿಶ್ವ ಸಂತೋಷ ವರದಿಯಲ್ಲಿ 156 ದೇಶಗಳ ಪೈಕಿ ಭೂತಾನ 95ನೇ ಜಾಗದಲ್ಲಿತ್ತು.

ಈಗ ಅಲ್ಲಿನ ದೊಡ್ಡ ಚಿಂತೆ ಹುಡುಗರು ದೇಶ ಬಿಟ್ಟು ಹೋಗುತ್ತಿರುವುದು. ಓದಿದ ಶಿಕ್ಷಕರು, ನರ್ಸ್‌ಗಳು, ಸರ್ಕಾರಿ ನೌಕರರು ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ. ಕರೆಂಟು ಮಾರಿದರೆ ಸರ್ಕಾರಕ್ಕೆ ದುಡ್ಡು ಬರುತ್ತದೆ, ಆದರೆ ಒಂದು ವಿದ್ಯುತ್ ಘಟಕದಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕೀತು? ಕಾರ್ಖಾನೆ ಕಟ್ಟೋಣ ಅಂದರೆ ಸಪಾಟು ನೆಲ ಇಲ್ಲ. ಇರುವ ಅಷ್ಟಿಷ್ಟು ಸಪಾಟು ನೆಲ ಇರುವುದು ದಕ್ಷಿಣದ ಅಂಚಿನಲ್ಲಿ, ಅಸ್ಸಾಮಿಗೆ ತಾಗಿಕೊಂಡ ಗೆಲೆಫು ಕಡೆ. 2023ರ ಡಿಸೆಂಬರ್ 17ರಂದು ಐದನೇ ರಾಜ ಅಲ್ಲೊಂದು ಹೊಸ ನಗರ ಕಟ್ಟುವುದಾಗಿ ಹೇಳಿದ್ದು ಅದಕ್ಕೇ. ಸಾವಿರ ಚದರ ಕಿ.ಮೀ.ಗೂ ಜಾಸ್ತಿ ಜಾಗ, ತನ್ನದೇ ಕಾನೂನು, ಹೊರಗಿನ ಬಂಡವಾಳ. ಭಾರತ ಕೊಕ್ರಝಾರ್‌ನಿಂದ ಗೆಲೆಫುವಿಗೆ ರೈಲು ಹಾಕುತ್ತೇನೆ ಅಂದಿದೆ. ಇದೇ ದಕ್ಷಿಣದ ಕಾಡಿನಲ್ಲಿ ಅಡಗಿದ್ದ ಅಸ್ಸಾಮಿನ ಬಂಡುಕೋರರನ್ನು 2003ರ ಡಿಸೆಂಬರ್‌ನಲ್ಲಿ ನಾಲ್ಕನೇ ರಾಜ ತಾನೇ ಸೈನ್ಯದ ಮುಂದೆ ನಿಂತು ಓಡಿಸಿದ್ದ. ಲ್ಹೋತ್ಸಾಂಪರು ಬಿಟ್ಟು ಹೋದ ಮನೆ, ಗದ್ದೆಗಳಿದ್ದದ್ದೂ ಈ ದಕ್ಷಿಣದ ಜಿಲ್ಲೆಗಳಲ್ಲೇ. ಹೊಸ ನಗರದಲ್ಲಿ ಅವರ ಮಕ್ಕಳಿಗೆ ಜಾಗ ಇದೆಯೇ, ಆಸ್ಟ್ರೇಲಿಯಾಕ್ಕೆ ಹೋದವರು ಅದಕ್ಕಾಗಿ ವಾಪಸ್ ಬರುತ್ತಾರೆಯೇ ಅಂತ ಯಾರಾದರೂ ಅಲ್ಲಿಗೆ ಹೋಗಿ ಕೇಳಿ ಬರೆದರೆ ಓದಲು ನಾನಂತೂ ಕಾಯುತ್ತೇನೆ. ಅದಕ್ಕೆ ಬಾಕ್ಸು ಬೇಡ, ಒಂದು ಪೂರ್ತಿ ಪುಟ ಕೊಡಿ.

ಇಂತಿ,
ನಿಮ್ಮ ಓದುಗ